ಹಸಿರೆಲ್ಲ ಎಲೆಯಲ್ಲ: ಸಾಧಾರಣ ಫೋಟೋದಿಂದ ಇನ್‌ಫ್ರಾರೆಡ್ ಚಿತ್ರ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು. ಹಳೆಯ ಇನ್‌ಫ್ರಾರೆಡ್ ಫಿಲ್ಮಿನ ಚಿತ್ರಗಳಲ್ಲಿ ಮರ ಬೆಳ್ಳಗೆ, ಆಕಾಶ ಕಪ್ಪಗೆ ಇರುತ್ತದಲ್ಲ, ಅಂಥದ್ದು ಬೇಕು ಅಂತ ನಮ್ಮ ಅಡಿಕೆ ತೋಟದ ಫೋಟೋಕ್ಕೆ ಫೋನಿನ ಆ್ಯಪ್ ಒಂದರಲ್ಲಿ ‘ಇನ್‌ಫ್ರಾರೆಡ್’ ಒತ್ತಿದೆ. ಎಲೆ, ಆಕಾಶ ಎಲ್ಲ ಒಂದೇ ಬಣ್ಣ ಆಯಿತು. ಆಯಿ ನೋಡಿ, ‘ಇದೆಂತದಾ ತಮಾ, ತೋಟಕ್ಕೆ ಬೂದಿ ಹೊಯ್ದಾಂಗೆ ಕಾಣ್ತಲಾ’ ಅಂದಳು. ನನ್ನ ಹತ್ತಿರ ಸಾಧಾರಣ ಡಿಜಿಟಲ್ ಕ್ಯಾಮೆರಾ, ಒಂದು ಲ್ಯಾಪ್‌ಟಾಪ್ ಇದೆ. ಹೊಸ ಖರ್ಚಿಲ್ಲದೆ ಆ ಪರಿಣಾಮ ತರಬಹುದಾ?

ಉತ್ತರ: ತರಬಹುದು. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಯಾಕೆ ಬರುವುದಿಲ್ಲ ಅಂತ ತಿಳಿದುಕೊಂಡರೆ ಈ ಮುಕ್ಕಾಲು ಚೆನ್ನಾಗಿ ಬರುತ್ತದೆ. ನಿಮ್ಮ ಆಯಿ ‘ಬೂದಿ’ ಅಂದರಲ್ಲ, ಸರಿಯಾಗಿಯೇ ಹೇಳಿದ್ದಾರೆ. ಆ ಬೂದಿ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅದಕ್ಕೆ ಮೊದಲು ಎಲೆಯ ವಿಷಯ.

ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗೆ. 700ರ ಆಚೆಗಿನದು ಇನ್‌ಫ್ರಾರೆಡ್, ಶಾಲೆಯಲ್ಲಿ ಓದಿದ ಅವಕೆಂಪು ಕಿರಣ. ಎಲೆಯಲ್ಲಿರುವ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಂಡು ಹಸಿರನ್ನು ಸ್ವಲ್ಪ ವಾಪಸ್ ಕೊಡುತ್ತದೆ. 700 ದಾಟಿದ ಮೇಲೆ ಅದು ಬೆಳಕನ್ನು ಹಿಡಿಯುವುದೇ ಇಲ್ಲ. ಬೆಳಕು ಸೀದಾ ಎಲೆಯೊಳಗೆ ನುಗ್ಗುತ್ತದೆ. ಒಳಗೆ ಸ್ಪಂಜಿನ ಹಾಗಿನ ಪದರ ಇದೆ, ನೀರು ತುಂಬಿದ ಕೋಶಗಳು, ನಡುನಡುವೆ ಗಾಳಿ. ಆ ಅಂಚುಗಳಿಗೆಲ್ಲ ಬಡಿದು ಬೆಳಕು ಚದುರಿ ಹೊರಗೆ ಬರುತ್ತದೆ. ಉಪ್ಪಿನ ಒಂದೇ ಹರಳು ಕೈಯಲ್ಲಿ ಹಿಡಿದು ನೋಡಿ, ಆಚೆ ಬದಿ ಕಾಣುತ್ತದೆ. ಅದೇ ಉಪ್ಪು ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ರಾಶಿ ಬಿದ್ದಾಗ ಕಣ್ಣು ಕುಕ್ಕುವಷ್ಟು ಬಿಳಿ. ಎಲೆಯೊಳಗೆ ಆಗುವುದೂ ಹೆಚ್ಚುಕಡಿಮೆ ಅದೇ.

ಇಂಥ ಚಿತ್ರಗಳನ್ನು 1910ರಲ್ಲಿ ಮೊದಲು ಪ್ರಕಟಿಸಿದವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಎಲೆ ಬೆಳ್ಳಗಾಗುವುದಕ್ಕೆ ಇವತ್ತಿಗೂ ‘ವುಡ್ ಎಫೆಕ್ಟ್’ ಅನ್ನುತ್ತಾರೆ. ಮರಗಳು ಬೆಳ್ಳಗಾಗುತ್ತವಲ್ಲ, ಅದಕ್ಕೇ ಆ ಹೆಸರು ಅಂತ ನಾನು ಬಹಳ ವರ್ಷ ನಂಬಿಕೊಂಡಿದ್ದೆ!

ಆಕಾಶ ಕಪ್ಪಾಗುವ ಕಾರಣ ಬೇರೆ. ಗಾಳಿ ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತದೆ, ಕೆಂಪನ್ನು ಕಡಿಮೆ, ಇನ್‌ಫ್ರಾರೆಡ್ಡನ್ನು ಇನ್ನೂ ಕಡಿಮೆ. ಅಂದರೆ ನೀಲಿ ಆಕಾಶದಿಂದ ಇನ್‌ಫ್ರಾರೆಡ್ ಹೆಚ್ಚೇನೂ ಬರುವುದಿಲ್ಲ. ಮೋಡದ ಹನಿಗಳು ಎಲ್ಲ ಬೆಳಕನ್ನೂ ಒಂದೇ ರೀತಿ ಚದುರಿಸುತ್ತವೆ, ಹಾಗಾಗಿ ಮೋಡ ಬಿಳಿ. ಕಪ್ಪು ಆಕಾಶದಲ್ಲಿ ಬಿಳಿ ಮೋಡ ಎದ್ದು ನಿಲ್ಲುವುದು ಇದರಿಂದ.

ಫಿಲ್ಮಿನ ಕಾಲದಲ್ಲಿ ಇದಕ್ಕೆ ಹೆಸರಾಗಿದ್ದದ್ದು ಕೊಡಾಕ್‌ನ ಎಚ್‌ಐಇ. ಕಂಪನಿ ಅದನ್ನು 2007ರಲ್ಲಿ ನಿಲ್ಲಿಸಿತು. ಬಹಳ ತಂಟೆಯ ಫಿಲ್ಮ್. ಕ್ಯಾಮೆರಾಕ್ಕೆ ಹಾಕುವುದೂ ತೆಗೆಯುವುದೂ ಪೂರ್ತಿ ಕತ್ತಲಲ್ಲೇ ಆಗಬೇಕು. ನನಗೆ ಸ್ನೇಹಿತರ ಮೂಲಕ ಎರಡು ರೋಲ್ ಸಿಕ್ಕಿತ್ತು. ಮಿರ್ಜಾನ್ ಕೋಟೆಗೆ ಹೋಗಿ, ಬುರುಜಿನ ನೆರಳಲ್ಲಿ ಕೂತು, ಮೇಲಿಂದ ಅಂಗಿ ಮುಚ್ಚಿಕೊಂಡು ಫಿಲ್ಮ್ ಹಾಕಿದೆ. ಅಷ್ಟು ಸಾಕು ಅಂದುಕೊಂಡಿದ್ದೆ. ತೊಳೆದು ನೋಡಿದರೆ ಮೊದಲ ಎಂಟು ಚಿತ್ರಗಳಲ್ಲಿ ಕೋಟೆಯೂ ಇಲ್ಲ, ಹುಲ್ಲೂ ಇಲ್ಲ, ಬರೀ ಮಬ್ಬು. ಒಂಬತ್ತನೆಯದು ಮಾತ್ರ ಅದ್ಭುತವಾಗಿ ಬಂದಿತ್ತು. ಪಾಚಿ ಹಿಡಿದ ಚಿರೆಕಲ್ಲಿನ ಗೋಡೆಯ ಮೇಲೆ ಹುಲ್ಲು ಹೊಳೆಯುತ್ತಿತ್ತು, ಒಳಗೆ ದೀಪ ಇಟ್ಟ ಹಾಗೆ. ಆ ಹೊಳಪಿಗೂ ಒಂದು ಕಾರಣ ಇದೆ, ಮುಂದೆ ಬರುತ್ತದೆ.

ಈಗ ನಿಮ್ಮ ಕ್ಯಾಮೆರಾ. ಡಿಜಿಟಲ್ ಸೆನ್ಸರ್ ಸಿಲಿಕಾನಿನದು. ಅದಕ್ಕೆ ಸುಮಾರು 1100 ನ್ಯಾನೋಮೀಟರ್‌ವರೆಗೂ ಕಾಣುತ್ತದೆ. ಆದರೆ ಹಾಗೇ ಬಿಟ್ಟರೆ ಬಣ್ಣಗಳು ಕೆಡುತ್ತವೆ ಅಂತ ತಯಾರಕರು ಅದರ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ಕೂರಿಸಿರುತ್ತಾರೆ. ಟಿವಿ ರಿಮೋಟಿನ ಬಟನ್ ಒತ್ತಿ ಹಿಡಿದು ಅದರ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಬಹಳಷ್ಟು ಫೋನುಗಳಲ್ಲಿ ನೇರಳೆ ಬಣ್ಣದ ಒಂದು ಚುಕ್ಕೆ ಮಿನುಗುತ್ತದೆ. ಅಷ್ಟು ಚೂರು ಮಾತ್ರ ಗಾಜಿನಿಂದ ನುಸುಳಿ ಬಂದದ್ದು. ನಿಮ್ಮ ತೋಟದ ಫೋಟೋದಲ್ಲಿ ಇನ್‌ಫ್ರಾರೆಡ್ ಇಲ್ಲವೇ ಇಲ್ಲ ಅಂತಲೇ ಇಟ್ಟುಕೊಳ್ಳಿ. ತಂತ್ರಾಂಶ ಏನು ಮಾಡುತ್ತದೆ? ‘ಹಸಿರು ಇದೆ, ಹಾಗಾದರೆ ಎಲೆ ಇರಬೇಕು. ನೀಲಿ ಇದೆ, ಆಕಾಶ ಇರಬೇಕು’ ಅಂತ ಊಹಿಸುತ್ತದೆ. ಆ್ಯಪಿನ ಒಂದು ಬಟನ್ನಿಗೆ ಆ ಊಹೆಯನ್ನು ತಿದ್ದುವ ಬುದ್ಧಿ ಇಲ್ಲ. ತಿದ್ದುವ ಕೆಲಸ ನಿಮ್ಮದು.

ಈಗ ಆ ಬೂದಿಯ ಲೆಕ್ಕ. ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ, ಸೊನ್ನೆಯಿಂದ 255ರವರೆಗೆ. ಕಪ್ಪು-ಬಿಳುಪು ಮಾಡುವುದು ಅಂದರೆ ಈ ಮೂರರಿಂದ ಇಂತಿಷ್ಟು ಪ್ರತಿಶತ ತೆಗೆದು, ಕೂಡಿ ಕಳೆದು ಒಂದೇ ಅಂಕಿ ಮಾಡುವುದು. ಸೊನ್ನೆ ಬಂದರೆ ಕಪ್ಪು, 255 ಬಂದರೆ ಬಿಳಿ. ಬಿಸಿಲು ಬಿದ್ದ ಎಲೆಯನ್ನು ಕೆಂಪು 90, ಹಸಿರು 130, ನೀಲಿ 50 ಅಂತ ಹಿಡಿಯೋಣ. ಆಕಾಶ 110, 160, 220. ಇನ್‌ಫ್ರಾರೆಡ್‌ಗೆ ಅಂತ ಬಹಳ ಕಡೆ ಕಾಣುವ ಸೂತ್ರ ಒಂದಿದೆ: ಕೆಂಪು ಮೈನಸ್ 70 ಪ್ರತಿಶತ, ಹಸಿರು 200, ನೀಲಿ ಮೈನಸ್ 30. ಎಲೆಗೆ ಹಾಕಿ ನೋಡಿ: ಹಸಿರಿನಿಂದ 260 ಬಂತು, ಅದರಲ್ಲಿ 63 ಮತ್ತು 15 ಕಳೆದರೆ 182. ಆಕಾಶಕ್ಕೆ: 320ರಲ್ಲಿ 77 ಮತ್ತು 66 ಕಳೆದರೆ 177. ಎಲೆ 182, ಆಕಾಶ 177! ಕಣ್ಣಿಗೆ ಇವೆರಡೂ ಒಂದೇ. ಆಯಿ ಕಂಡ ಬೂದಿ ಇದೇ. ಆಕಾಶದಲ್ಲೂ ಹಸಿರಿನ ಅಂಶ ಧಾರಾಳ ಇರುತ್ತದೆ ಅನ್ನುವುದನ್ನು ಈ ಸೂತ್ರ ಮರೆತಿದೆ. ಬರೀ ಹುಲ್ಲು, ಗಿಡ ಇರುವ ಚಿತ್ರಕ್ಕೆ ಅದು ನಡೆಯುತ್ತದೆ. ಮೇಲೆ ನೀಲಿ ಆಕಾಶ ಇದ್ದರೆ ಕೈಕೊಡುತ್ತದೆ.

ನಾನು ಶುರು ಮಾಡುವ ಅಂಕಿ: ಕೆಂಪು 40, ಹಸಿರು 160, ನೀಲಿ ಮೈನಸ್ 100. ಕೂಡಿದರೆ 100 ಬರಬೇಕು, ಆಗ ಬಿಳಿ ಮೋಡ ಬಿಳಿಯಾಗಿಯೇ ಉಳಿಯುತ್ತದೆ. ಎಲೆ ಈಗ 36 ಮತ್ತು 208 ಕೂಡಿ 50 ಕಳೆದು 194. ಆಕಾಶ 44 ಮತ್ತು 256 ಕೂಡಿ 220 ಕಳೆದು 80. ಸಿಕ್ಕಿತಲ್ಲ ಅಂತರ! ಕೆಂಪನ್ನು ಮೈನಸ್‌ಗೆ ಒಯ್ಯದೆ ಇಡುವುದಕ್ಕೆ ಇನ್ನೊಂದು ಕಾರಣ ಇದೆ. ನಿಜವಾದ ಇನ್‌ಫ್ರಾರೆಡ್‌ನಲ್ಲಿ ಕೆಂಪು ವಸ್ತುಗಳು ಸಾಮಾನ್ಯವಾಗಿ ತಿಳಿಯಾಗಿಯೇ ಬರುತ್ತವೆ. ಮೊದಲ ಸೂತ್ರದಲ್ಲಿ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕೆಂಪು ಮುಂಭಾಗ ಮಸಿ ಬಳಿದ ಹಾಗೆ ಕಾಣುತ್ತದೆ. ನನ್ನದರಲ್ಲೂ ತುಂಬ ತಿಳಿಯೇನೂ ಆಗುವುದಿಲ್ಲ, ಆದರೆ ಗೋಡೆ ಗೋಡೆಯಾಗಿ ಉಳಿಯುತ್ತದೆ.

ದುಡ್ಡು ಕೊಡಬೇಕಾದ ತಂತ್ರಾಂಶ ಬೇಡ. ಗಿಂಪ್ ಉಚಿತ. ಅದರ ಕಲರ್ಸ್ ಮೆನುವಿನಲ್ಲಿ ಡಿಸ್ಯಾಚುರೇಟ್, ಅದರೊಳಗೆ ಮೋನೋ ಮಿಕ್ಸರ್. ಅಲ್ಲಿ 100ರ ಬದಲು 1 ಅಂತ ಇರುತ್ತದೆ, ಹಾಗಾಗಿ 0.4, 1.6, ಮೈನಸ್ 1. ಒಂದು ಎಚ್ಚರಿಕೆ. ಒಳಗೊಳಗೆ ಲೆಕ್ಕ ಮಾಡುವ ಕ್ರಮ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ ಇರುತ್ತದೆ. ಇದೇ ಅಂಕಿ ಹಾಕಿದಾಗ ಆಕಾಶ ಪೂರ್ತಿ ಕಪ್ಪಾಗಿ ಕೂತರೆ ಗಾಬರಿ ಬೇಡ. ಕೆಂಪು 0.2, ಹಸಿರು 1.4, ನೀಲಿ ಮೈನಸ್ 0.6ಕ್ಕೆ ಇಳಿಸಿ, ಅಲ್ಲಿಂದ ನಿಧಾನಕ್ಕೆ ಸರಿಸಿ. ಲೈಟ್‌ರೂಮ್ ಇದ್ದವರಿಗೆ ಕಪ್ಪು-ಬಿಳುಪಿನ ಮಿಕ್ಸರ್‌ನಲ್ಲಿ ಬಣ್ಣಕ್ಕೊಂದು ಗೆರೆ ಸಿಗುತ್ತದೆ. ಅಲ್ಲಿ ಎಲ್ಲರೂ ಮೊದಲು ಹಸಿರನ್ನೇ ಎಳೆಯುತ್ತಾರೆ, ಏನೂ ಆಗಲಿಲ್ಲ ಅಂತ ಬೇಜಾರಾಗುತ್ತಾರೆ. ಹಳದಿಯನ್ನು ಎಳೆಯಿರಿ. ನಮ್ಮ ಕಣ್ಣಿಗೆ ಹಸಿರಾದ ಹುಲ್ಲು, ಎಲೆ ತಂತ್ರಾಂಶದ ಕಣ್ಣಿಗೆ ಬಹುಪಾಲು ಹಳದಿಯೇ.

ಇನ್ನು ಊಹೆ ತಪ್ಪುವ ಜಾಗಗಳು. ನಿಜ ಹೇಳಬೇಕೆಂದರೆ ಕೆಲಸದ ಮುಕ್ಕಾಲು ಹೊತ್ತು ಹೋಗುವುದು ಇಲ್ಲೇ.

ನಿಮ್ಮ ತೋಟದಿಂದಲೇ ಶುರು ಮಾಡೋಣ. ಕೊಳೆ ರೋಗಕ್ಕೆ ಮದ್ದು ಹೊಡೆಸಿದ್ದೀರಾ? ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ ದ್ರಾವಣ ಅಡಿಕೆ ಗೊನೆಯ ಮೇಲೆ, ಅದರ ಸುತ್ತಲಿನ ಸೋಗೆಯ ಮೇಲೆ ತಿಳಿ ನೀಲಿಯಾಗಿ ಒಣಗಿರುತ್ತದೆ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಮರದ ಕೆಳಗೆ ನಿಂತು ತಲೆ ಎತ್ತಿ ನೋಡಿ, ಸೋಗೆಯ ಎಸಳಿನ ಉದ್ದಕ್ಕೂ ಹನಿ ಇಳಿದ ಗುರುತು ಕಾಣುತ್ತದೆ. ನೀಲಿಯನ್ನು ಮೈನಸ್ 100ಕ್ಕೆ ಒಯ್ದರೆ ಆ ಗುರುತುಗಳೆಲ್ಲ ಕಪ್ಪು ಚುಕ್ಕೆಗಳಾಗಿ ಎದ್ದು ಬರುತ್ತವೆ. ಬೆಳ್ಳಗೆ ಹೊಳೆಯಬೇಕಾದ ಸೋಗೆಗೆ ಸಿಡುಬು ಎದ್ದ ಹಾಗೆ. ಮೊದಲ ಸಲ ಕಂಡಾಗ ನಾನು ಲೆನ್ಸಿನಲ್ಲಿ ಧೂಳು ಅಂದುಕೊಂಡು ಅರ್ಧ ಗಂಟೆ ಒರೆಸಿದೆ. ಉಪಾಯ ಸುಲಭ. ಕಪ್ಪು-ಬಿಳುಪು ಮಾಡುವುದಕ್ಕೆ ಮೊದಲೇ ಬಣ್ಣದ ಚಿತ್ರದಲ್ಲಿ ಆ ಭಾಗವನ್ನು ಮಾಸ್ಕ್ ಮಾಡಿ (ಅಂದರೆ ತಿದ್ದುಪಡಿ ಅಷ್ಟಕ್ಕೇ ತಾಗುವ ಹಾಗೆ ಗುರುತಿಸಿ), ನೀಲಿಯ ಕಡೆಯಿಂದ ಹಸಿರಿನ ಕಡೆಗೆ ಸ್ವಲ್ಪ ತಿರುಗಿಸಿ.

ಇದರ ಉಲ್ಟಾ ಕಥೆ ಕಾರವಾರದ ಬೈತಖೋಲ ಬಂದರಿನದು. ಹಸಿರು ಬಣ್ಣದ ದೋಣಿ, ಹಸಿರು ಬಲೆ, ಹಸಿರು ತಾಡಪತ್ರಿ, ಎಲ್ಲವನ್ನೂ ತಂತ್ರಾಂಶ ಎಲೆ ಅಂತಲೇ ಎಣಿಸುತ್ತದೆ. ದೋಣಿಯ ಹಸಿರು 60, 140, 60 ಇದ್ದರೆ ಲೆಕ್ಕದಲ್ಲಿ 188 ಬಂತು, ಹಿಂದಿನ ಗುಡ್ಡದ ಕಾಡಿನಷ್ಟೇ ಬಿಳಿ. ನಿಜವಾದ ಫಿಲ್ಮಿನಲ್ಲಿ ಬಣ್ಣದ ಡಬ್ಬಿಯೊಳಗೆ ಯಾವ ಪುಡಿ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಎಷ್ಟೋ ಹಸಿರು ಬಣ್ಣಗಳು ಅಲ್ಲಿ ಗಾಢವಾಗಿಯೇ ಬೀಳುತ್ತವೆ. ಎರಡನೇ ಮಹಾಯುದ್ಧದಲ್ಲಿ ಈ ಫಿಲ್ಮ್ ಉಪಯೋಗಕ್ಕೆ ಬಂದದ್ದೇ ಅದರಿಂದ. ಹಸಿರು ಬಳಿದು ಕಾಡಿನಲ್ಲಿ ಅಡಗಿಸಿಟ್ಟ ಸಾಮಾನು ಎಲೆಗಳ ನಡುವೆ ಬೇರೆಯಾಗಿ ಕಾಣುತ್ತಿತ್ತು. ಹಾಗಾಗಿ ದೋಣಿಯನ್ನು ಮಾಸ್ಕ್ ಮಾಡಿ ಕೆಳಗಿಳಿಸಿ. ಕಾಡು ಬೆಳ್ಳಗೆ, ದೋಣಿ ಗಾಢ: ನೋಡುವವರಿಗೆ ಇದು ನಿಜವಾದ ಇನ್‌ಫ್ರಾರೆಡ್ಡೇ ಇರಬೇಕು ಅನ್ನಿಸುವುದು ಇಂಥ ಒಂದು ಕಡೆಯಲ್ಲಿ. ನನ್ನ ಮಟ್ಟಿಗೆ ಉಳಿದ ಎಲ್ಲ ಕಸರತ್ತಿಗಿಂತ ಈ ಒಂದು ತಿದ್ದುಪಡಿ ದೊಡ್ಡದು. (ಬಂದರಿನ ಕಡೆ ಹೋದಾಗ ನೌಕಾನೆಲೆಯತ್ತ ಕ್ಯಾಮೆರಾ ತಿರುಗಿಸಬೇಡಿ. ಇನ್‌ಫ್ರಾರೆಡ್ ಕಥೆ ಹೇಳಿದರೆ ಅಲ್ಲಿ ಯಾರೂ ಕೇಳುವುದಿಲ್ಲ.)

ನೀರೂ ಹಾಗೆಯೇ. ಇನ್‌ಫ್ರಾರೆಡ್ಡನ್ನು ನೀರು ಹೀರಿಕೊಳ್ಳುತ್ತದೆ. ಆಕಾಶದ ಅಥವಾ ದಡದ ಪ್ರತಿಬಿಂಬ ಇಲ್ಲದ ಕಡೆ ಹೊಳೆ ಕಪ್ಪಾಗಿ ಕಾಣಬೇಕು. ಆದರೆ ಅಘನಾಶಿನಿಯ ಅಳಿವೆಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನೀರು ಹಸಿರಾಗಿಯೇ ಇರುತ್ತದೆ. ತಂತ್ರಾಂಶ ಅದನ್ನೂ ಬಿಳಿ ಮಾಡಿಬಿಡುತ್ತದೆ, ಗಿಡ ಯಾವುದು ನೀರು ಯಾವುದು ಗೊತ್ತಾಗುವುದಿಲ್ಲ. ನೀರನ್ನು ಬೇರೆ ಮಾಸ್ಕ್ ಮಾಡಿ ಕತ್ತಲಾಗಿಸಿ, ದಡದ ಪ್ರತಿಬಿಂಬವನ್ನು ಮಾತ್ರ ಬಿಳಿ ಉಳಿಸಿ. ಕೆರೆಯ ಮೇಲೆ ತೇಲುವ ಅಂತರಗಂಗೆ ಇದ್ದರೆ ಅದನ್ನು ಮುಟ್ಟಬೇಡಿ, ಅದು ಎಲೆಯೇ.

ಫೋಟೋ ತೆಗೆಯುವಾಗಲೇ ಮಾಡಬೇಕಾದದ್ದು ಎರಡಿವೆ. ಒಂದು, ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ಮೂಲ ಫೈಲಿನಲ್ಲಿ ತೆಗೆಯಿರಿ. ಜೆಪೆಗ್‌ನಲ್ಲಿ ಬೆಳಕಿನ ವಿವರ ಬಹುಪಾಲು ಉಳಿಯುತ್ತದೆ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿ ಇಟ್ಟಿರುತ್ತಾರೆ. ಸಾಧಾರಣವಾಗಿ ನೋಡುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ನಾವು ಮಾಡುವುದು ಬಣ್ಣವನ್ನೇ ಬೆಳಕಾಗಿ ತಿರುಗಿಸುವ ಕೆಲಸ. ಹಾಗಾಗಿ ನೀಲಿ ಆಕಾಶದ ಎದುರು ಅಡಿಕೆ ಸೋಗೆಯ ತುದಿ, ಗಾಳಿ ಮರದ ಸಣ್ಣ ಎಳೆ, ಎಲ್ಲದರ ಸುತ್ತ ಕತ್ತರಿಸಿ ಅಂಟಿಸಿದ ಹಾಗೆ ಗೆರೆ ಬರುತ್ತದೆ. ಫೋನಿನ ಫೋಟೋದಲ್ಲಿ ಇದು ಇನ್ನೂ ಜಾಸ್ತಿ.

ಎರಡನೆಯದು ಪೋಲರೈಸರ್, ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಒಂದು ಫಿಲ್ಟರ್. ಖರ್ಚಿಲ್ಲದೆ ಅಂದಿದ್ದೀರಿ, ಗೊತ್ತು. ಯಾರಾದರೂ ಸ್ನೇಹಿತರ ಹತ್ತಿರ ಇದ್ದರೆ ಇಸಿದುಕೊಳ್ಳಿ. ಅಡಿಕೆ, ತೆಂಗು, ಹಲಸು, ಮಾವು, ನಮ್ಮ ಕಡೆಯ ಎಲೆಗಳಿಗೆ ಮೇಣದ ಹೊಳಪು ಜಾಸ್ತಿ. ಮಳೆ ಬಿದ್ದ ಮೇಲಂತೂ ಕೇಳಬೇಡಿ. ಆ ಹೊಳಪು ಆಕಾಶದ ನೀಲಿಯನ್ನೇ ಪ್ರತಿಫಲಿಸುತ್ತದೆ, ಲೆಕ್ಕದಲ್ಲಿ ಎಲೆ ಅರ್ಧ ಆಕಾಶ ಆಗಿಬಿಡುತ್ತದೆ. ಪೋಲರೈಸರ್ ತಿರುಗಿಸಿದರೆ ಹೊಳಪು ಹೋಗಿ ಎಲೆಯ ಸ್ವಂತ ಹಸಿರು ಸಿಗುತ್ತದೆ, ಆಕಾಶವೂ ಗಾಢವಾಗುತ್ತದೆ. ಸೂರ್ಯನಿಗೆ ಅಡ್ಡವಾಗಿ ನಿಂತಾಗ ಅದರ ಶಕ್ತಿ ಹೆಚ್ಚು. ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಎಂಟು ಎಂಟೂವರೆಗೆ ನಿಂತರೆ ಸೂರ್ಯ ಊರಿನ ಕಡೆ, ಪೂರ್ವಕ್ಕೆ. ದಂಡೆಯ ಉದ್ದಕ್ಕೂ, ಉತ್ತರಕ್ಕೋ ದಕ್ಷಿಣಕ್ಕೋ ನೋಡಿ ತೆಗೆದರೆ ಗಾಳಿ ಮರದ ಸಾಲಿಗೆ ಬಿಸಿಲೂ ಬಿತ್ತು, ಆಕಾಶವೂ ಕಪ್ಪಾಯಿತು. ಮೋಡ ಕವಿದ ದಿನ ಈ ಕೆಲಸಕ್ಕೆ ಹೊರಡಬೇಡಿ. ಬೂದು ಆಕಾಶದಲ್ಲಿ ಕಳೆಯುವುದಕ್ಕೆ ನೀಲಿಯೇ ಇಲ್ಲ.

ದೂರದ ಗುಡ್ಡದ ವಿಷಯದಲ್ಲಿ ಮಾತ್ರ ಸೋಲು ಒಪ್ಪಿಕೊಳ್ಳಬೇಕು. ನಿಜವಾದ ಇನ್‌ಫ್ರಾರೆಡ್ ತೆಳುವಾದ ಮಬ್ಬನ್ನು ಸೀಳಿಕೊಂಡು ಹೋಗುತ್ತದೆ, ಕಡಲತೀರದಿಂದ ಸಹ್ಯಾದ್ರಿಯ ಮಡಿಕೆ ಮಡಿಕೆ ಕಾಣುತ್ತದೆ. ನಿಮ್ಮ ಫೋಟೋದಲ್ಲಿ ಮಬ್ಬಿನ ಹಿಂದೆ ಏನಿತ್ತೋ ಅದು ದಾಖಲೇ ಆಗಿಲ್ಲ. ತಂತ್ರಾಂಶದ ಮಬ್ಬು ತೆಗೆಯುವ ಗೆರೆ, ಡೀಹೇಜ್, ಎಳೆದರೆ ಇದ್ದದ್ದರ ಕಪ್ಪು-ಬಿಳುಪು ಹಿಗ್ಗುತ್ತದೆ, ಅಷ್ಟೇ. ಹಾಗಂತ ನಿಮ್ಮೂರಿನ ಚಳಿಗಾಲದ ಇಬ್ಬನಿಯ ಮುಂದೆ ಫಿಲ್ಮಿನ ಆಟವೂ ನಡೆಯುವುದಿಲ್ಲ. ಆ ಹನಿಗಳು ದಪ್ಪ, ಮೋಡದ ಹಾಗೆ ಇನ್‌ಫ್ರಾರೆಡ್ಡನ್ನೂ ಚದುರಿಸುತ್ತವೆ.

ಈಗ ಮಿರ್ಜಾನಿನ ಹುಲ್ಲಿನ ಆ ಹೊಳಪು. ಸಾಮಾನ್ಯ ಫಿಲ್ಮಿನಲ್ಲಿ ಒಳಹೊಕ್ಕ ಬೆಳಕು ಹಿಂದಿನಿಂದ ವಾಪಸ್ ಬರದಂತೆ ತಡೆಯುವ ಏರ್ಪಾಡು ಇರುತ್ತದೆ. ಎಚ್‌ಐಇಗೆ ಅದು ಇರಲಿಲ್ಲ. ಜೋರಾದ ಬೆಳಕು ಫಿಲ್ಮ್ ದಾಟಿ, ಹಿಂದಿನ ತಗಡಿಗೆ ಬಡಿದು ಮರಳಿ, ಸುತ್ತಲೂ ಹರಡುತ್ತಿತ್ತು. ಮಿರ್ಜಾನಿನ ಹುಲ್ಲಿಗೆ ದೀಪ ಇಟ್ಟದ್ದು ಅದೇ. ಜೋರಾದ ಬೆಳಕು ಇದ್ದ ಕಡೆ ಮಾತ್ರ ಇದು ಆಗುತ್ತಿತ್ತು ಅನ್ನುವುದನ್ನು ನೆನಪಿಡಿ. ಇಡೀ ಚಿತ್ರವನ್ನು ಮಸುಕು ಮಾಡಿ ಮೇಲೆ ಹೊದಿಸಿದರೆ ಮದುವೆ ಆಲ್ಬಮ್ಮಿನ ಹಾಗೆ ಕಾಣುತ್ತದೆ. ಚಿತ್ರದ ಲೇಯರಿನ (ಪದರದ) ಪ್ರತಿ ಮಾಡಿ, ಬೆಳಕು-ಕತ್ತಲೆ ತಿದ್ದುವ ಕರ್ವ್ಸ್‌ನಲ್ಲಿ ಬೆಳಗುವ ಭಾಗ ಬಿಟ್ಟು ಉಳಿದದ್ದನ್ನೆಲ್ಲ ಕಪ್ಪಿಗೆ ಇಳಿಸಿ. ಆಮೇಲೆ ಗಾಸಿಯನ್ ಬ್ಲರ್. 6000 ಪಿಕ್ಸೆಲ್ ಅಗಲದ ಚಿತ್ರಕ್ಕೆ 40ರಿಂದ 60. ಲೇಯರನ್ನು ಸ್ಕ್ರೀನ್ ಮೋಡ್‌ಗೆ ಹಾಕಿ 25-30 ಪ್ರತಿಶತಕ್ಕೆ ಇಳಿಸಿ. ಸೋಗೆಯ ಅಂಚಿನಿಂದ ಬೆಳಕು ಕಪ್ಪು ಆಕಾಶದೊಳಗೆ ಚೂರು ಸೋರಿದಂತೆ ಕಂಡರೆ ನಿಲ್ಲಿಸಿ. ಫಿಲ್ಮಿನ ಕಾಳು (ಗ್ರೇನ್) ಬೇಕಿದ್ದರೆ ಎಲ್ಲ ಮುಗಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಬ್ಲರ್‌ನಲ್ಲಿ ಕಾಳೂ ಕರಗುತ್ತದೆ.

ಬಣ್ಣದ ಇನ್‌ಫ್ರಾರೆಡ್ ಫಿಲ್ಮನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮಜಾ ಇದೆ. ಕೊಡಾಕ್‌ನ ಏರೋಕ್ರೋಮ್‌ನಲ್ಲಿ ಇನ್‌ಫ್ರಾರೆಡ್ ಕೆಂಪಾಗಿ, ಕೆಂಪು ಹಸಿರಾಗಿ, ಹಸಿರು ನೀಲಿಯಾಗಿ ಬರುತ್ತಿತ್ತು. ಚಾನೆಲ್ ಮಿಕ್ಸರ್‌ನಲ್ಲಿ ಕೆಂಪಿನ ಜಾಗಕ್ಕೆ ಹಸಿರು 2, ನೀಲಿ ಮೈನಸ್ 1 ಕೊಡಿ. ಹಸಿರಿನ ಜಾಗಕ್ಕೆ ಕೆಂಪು 1, ನೀಲಿಯ ಜಾಗಕ್ಕೆ ಹಸಿರು 1, ಉಳಿದದ್ದೆಲ್ಲ ಸೊನ್ನೆ. ಮೇಲಿನ ಅದೇ ಎಲೆ 210, 90, 130 ಆಯಿತು: ಚೆಂದದ ಗುಲಾಬಿ ಕೆಂಪು. ಆಕಾಶ ಮಾಸಲು ನೀಲಿ. ನಮ್ಮ ಚಿರೆಕಲ್ಲಿನ ಕೆಂಪು ಮಣ್ಣು ಹಸಿರಾಗುತ್ತದೆ. ಆಯಿಗೆ ಮಾತ್ರ ತೋರಿಸುವ ಮೊದಲು ಒಂದು ಮಾತು ಹೇಳಿ, ತೋಟಕ್ಕೆ ಹೊಸ ರೋಗ ಬಂತು ಅಂದುಕೊಂಡಾರು.

ಇಷ್ಟೆಲ್ಲ ಮಾಡಿ ನೋಡಿದ ಮೇಲೂ ನಿಜವಾದ ಇನ್‌ಫ್ರಾರೆಡ್ಡೇ ಬೇಕು ಅನ್ನಿಸಿದರೆ ದಾರಿ ಎರಡು. ಲೆನ್ಸಿಗೆ 720 ನ್ಯಾನೋಮೀಟರಿನ ಫಿಲ್ಟರ್ ಹಾಕಿ, ಟ್ರೈಪಾಡ್ ಮೇಲಿಟ್ಟು, ಸೆಕೆಂಡುಗಟ್ಟಲೆ ಎಕ್ಸ್‌ಪೋಶರ್ ಕೊಟ್ಟು ತೆಗೆಯುವುದು. ಗಾಳಿ ಬೀಸಿದರೆ ಸೋಗೆ ಎಲ್ಲ ಹೊಗೆಯಾಗುತ್ತದೆ. ಇನ್ನೊಂದು, ಹಳೆಯ ಡಿಎಸ್‌ಎಲ್‌ಆರ್ ಒಂದನ್ನು ಕೊಂಡು ಸೆನ್ಸರ್ ಮುಂದಿನ ಆ ತಡೆಗಾಜನ್ನು ಗೊತ್ತಿದ್ದವರ ಕೈಯಲ್ಲಿ ತೆಗೆಸಿ, ಅದರ ಜಾಗಕ್ಕೆ ಇನ್‌ಫ್ರಾರೆಡ್ ಫಿಲ್ಟರ್ ಹಾಕಿಸುವುದು. ಅದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಫ್ಲ್ಯಾಶಿನ ಕೆಪಾಸಿಟರ್ ಜೋರಾಗಿ ಶಾಕ್ ಹೊಡೆಯುತ್ತದೆ. ಕೊಳ್ಳುವಾಗ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಜೇಡರಬಲೆಯಂಥ ಎಳೆ ಇದೆಯಾ ನೋಡಿ. ನಮ್ಮ ಘಟ್ಟದ ಮಳೆಗಾಲ ಕಂಡ ಲೆನ್ಸಾದರೆ ಫಂಗಸ್ ಹಿಡಿದಿರುವುದೇ ಹೆಚ್ಚು.